ಕೊಟ್ಟಿಗೆಗೆ ಹೋದ ಮೇಲೆ ಬಂದ ನೆನಪು

ಅಕ್ಕನ ಮಗಳಿಗೆ ಮೂರು ವರ್ಷ. "ಹೋದ ಸಲ ಅಜ್ಜಿ ಮನೇಲಿ ಏನೇನು ಮಾಡಿದೆ ಪುಟ್ಟಿ?" ಅಂತ ಬೆಂಗಳೂರಲ್ಲಿ ಎಷ್ಟು ಕೇಳಿದರೂ ಉತ್ತರ "ಗೊತ್ತಿಲ್ಲ". ಮೊನ್ನೆ ತೀರ್ಥಹಳ್ಳಿಗೆ ಹೋದೆವು. ಕಾರಿಂದ ಇಳಿದದ್ದೇ ತಡ, ಸೀದಾ ಕೊಟ್ಟಿಗೆಗೆ ಓಡಿದಳು. "ಇಲ್ಲೇ ಕರು ನನ್ನ ಫ್ರಾಕ್ ಎಳೆದಿತ್ತು!" ನಮಗೇ ಮರೆತುಹೋಗಿತ್ತು.

ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ಯಾರೊಲಿನ್ ರೋವಿ-ಕೊಲಿಯರ್ ಇದನ್ನು ಕೈಕೂಸುಗಳಲ್ಲೇ ನೋಡಿದ್ದರು. ತೊಟ್ಟಿಲ ಮೇಲೆ ತೂಗುವ ಆಟಿಕೆ, ಅದರಿಂದ ಕೂಸಿನ ಕಾಲಿಗೊಂದು ರಿಬ್ಬನ್. ಒದ್ದರೆ ಆಟಿಕೆ ಕುಣಿಯುತ್ತದೆ. 3 ತಿಂಗಳ ಕೂಸು ಇದನ್ನು ಬೇಗ ಕಲಿತು ಸುಮಾರು ಒಂದು ವಾರ ನೆನಪಿಡುತ್ತದೆ. 6 ತಿಂಗಳಾದರೆ ಎರಡು ವಾರ. ತಮಾಷೆ ಏನು ಗೊತ್ತಾ? ಕೆಲವು ದಿನ ಬಿಟ್ಟು, ತೊಟ್ಟಿಲ ಒಳಗೆ ಸುತ್ತ ಕಟ್ಟಿದ ಬಟ್ಟೆಯ ಚಿತ್ತಾರ ಬದಲಾಯಿಸಿದರೆ ಸಾಕು. ಅದೇ ಆಟಿಕೆ, ಅದೇ ರಿಬ್ಬನ್, ಆದರೂ ಒದೆಯಬೇಕು ಅಂತ ಹೊಳೆಯುವುದಿಲ್ಲ. ಬರೀ ಬಟ್ಟೆ!

ನಾವಾದರೆ ಯಾವಾಗ, ಯಾರ ಜೊತೆ ಅಂತ ಮನಸ್ಸಲ್ಲೇ ಹುಡುಕಿಕೊಂಡು ಹೋಗುತ್ತೇವೆ. ಚಿಕ್ಕವರಿಗೆ ಅದು ಇನ್ನೂ ಅಷ್ಟಾಗಿ ಬರುವುದಿಲ್ಲ, ಎಷ್ಟೋ ಸಲ ಜಾಗವೇ ನೆನಪು ಮಾಡಿಕೊಡಬೇಕು. ನರ್ಸರಿಯಲ್ಲಿ ಇವತ್ತು ಏನಾಯಿತು ಅಂತ ಮನೆಯಲ್ಲಿ ಕೇಳಿದರೆ "ಏನಿಲ್ಲ" ಅನ್ನುವುದು ಬರೀ ಹಟ ಅಲ್ಲ ಅನ್ನಿಸುತ್ತದೆ, ಅಲ್ವಾ?

ಇನ್ಮೇಲೆ ಅಲ್ಲೇ ಜಾರುಬಂಡೆ ಹತ್ತಿರ ನಿಂತು ಕೇಳು ಅಂತ ಅಕ್ಕನಿಗೆ ಹೇಳಿದೆ. "ಸರಿ, ನಾಳೆಯಿಂದ ನೀನೇ ಹೋಗಿ ಕರ್ಕೊಂಡ್ ಬಾ" ಅಂದಳು.