ಬ್ರಶ್ ತೊಳೆಯೋ ಕೆಲಸ

ಇವತ್ತೂ ನನ್ನ ಪಾಲಿಗೆ ಬಂದದ್ದು ಬ್ರಶ್ ತೊಳೆಯೋದೇ.

ವಾರಕ್ಕೊಂದು ದಿನ ಈ ಚಿತ್ರ ಬಿಡಿಸೋ ಗುಂಪಿಗೆ ಸಹಾಯಕ್ಕೆ ಹೋಗ್ತೀನಿ. ಕಾಯಿಲೆಯಿಂದ ಎದ್ದವರು, ಮನೆಯವರನ್ನ ಕಳಕೊಂಡವರು ಬರ್ತಾರೆ. ಯಾರನ್ನೂ ಏನೂ ಕೆದಕಬಾರದು, ‘ಚೆನ್ನಾಗಿದೆ’ ಅಂತಲೂ ಅನ್ನಬಾರದು. ಅದೇ ನಮಗೆ ಹೇಳಿಕೊಟ್ಟ ಮೊದಲ ಪಾಠ. ನನ್ನಂಥ ಬಾಯಿಬಡುಕಿಗೆ ಶಿಕ್ಷೆಯೇ ಬಿಡಿ.

ಮೂಲೆ ಮೇಜಿನ ಅಜ್ಜಿ ಮೂರು ವಾರದಿಂದ ಬಣ್ಣ ಮುಟ್ಟಿರಲಿಲ್ಲ. ಬರೀ ನೀರಲ್ಲಿ ಬ್ರಶ್ ಅದ್ದಿ ಖಾಲಿ ಹಾಳೆ ಮೇಲೆ ಗೆರೆ ಎಳೀತಿದ್ರು. ಒದ್ದೆ ಗೆರೆ ಒಂದು ಗಳಿಗೆ ಹೊಳೀತಿತ್ತು, ಒಣಗ್ತಿತ್ತು. ಮತ್ತೆ ಎಳೀತಿದ್ರು. ಕೊನೆಗೆ ಹಾಳೆ ಉಬ್ಬಿ ಅಲೆಅಲೆಯಾಗಿರೋದು ಬಿಟ್ರೆ ಏನೂ ಉಳೀತಿರಲಿಲ್ಲ.

ಇವತ್ತು ಎಲ್ಲರೂ ಹೋದಮೇಲೆ ಅವರ ಲೋಟ ಎತ್ತಿಕೊಂಡೆ.

ನೀರು ತಿಳಿನೀಲಿ.

ಕಲೆಗೂ ಆರೋಗ್ಯಕ್ಕೂ ಏನು ನಂಟು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ 3000ಕ್ಕೂ ಹೆಚ್ಚು ಅಧ್ಯಯನಗಳನ್ನ ಜಾಲಾಡಿ ವರದಿ ಕೊಟ್ಟಿದೆ. ಇರಲಿ. ನನಗೆ ಸಿಕ್ಕಿದ್ದು ಅರ್ಧ ಲೋಟ ನೀರು.

ಹಾಳೆಯನ್ನ ಅವರು ಮಡಚಿ ಚೀಲಕ್ಕೆ ಹಾಕ್ಕೊಂಡು ಹೋಗಿದ್ರು. ಏನು ಬರೆದ್ರೋ. ಕೇಳೋ ಹಾಗಿಲ್ವಲ್ಲ!

ಬ್ರಶ್ಶೆಲ್ಲ ತೊಳೆದು ಒಣಗಿಸಿಟ್ಟೆ. ಆ ಲೋಟ ಚೆಲ್ಲೋಕೆ ಮಾತ್ರ ಕೈ ಬರಲಿಲ್ಲ, ಕಿಟಕಿ ಹತ್ರ ಇಟ್ಟು ಬಂದೆ.