ಒಂದೆಲಗಕ್ಕೆ ಐದು ಹೆಸರು: ಸೊಪ್ಪಿನ ಸೈಟಿನ ಕೀವರ್ಡ್ ಮ್ಯಾಪ್ ಎಲ್ಲಿಗೆ ಬಂತು

ನನ್ನ ಸೊಪ್ಪಿನ ಸೈಟಿಗೆ ಕೀವರ್ಡ್ ಮ್ಯಾಪ್ ಮಾಡ್ತಿದೀನಿ, ಅಂದ್ರೆ ಜನ ಹುಡುಕೋ ಯಾವ ಪದಕ್ಕೆ ನನ್ನ ಯಾವ ಪುಟ ಬರಬೇಕು ಅನ್ನೋ ಪಟ್ಟಿ. ಅದರಲ್ಲಿ ಮೂರು ವಾರದಿಂದ ತಲೆ ತಿಂತಿದ್ದ ಒಂದೆಲಗದ ಗಂಟು ಮೊನ್ನೆ ರಾತ್ರಿ ಬಿಚ್ಕೊಂಡ್ತು, ಮರೆಯೋಕೆ ಮುಂಚೆ ಬರೆದಿಡ್ತಿದೀನಿ. ಉಳಿದ ಸೊಪ್ಪುಗಳ ಕಥೆ ಹೇಳೋಕೆ ಏನಿಲ್ಲ. ಗೂಗಲಿನ ಸರ್ಚ್ ಕನ್ಸೋಲಿಂದ (ಜನ ಏನು ಹುಡುಕಿದಾಗ ನಮ್ಮ ಸೈಟ್ ಬಂತು ಅಂತ ತೋರಿಸೋ ಟೂಲು) 16 ತಿಂಗಳ ಕ್ವೆರಿ, ಅಂದ್ರೆ ಹುಡುಕಿದ ಪದಗಳನ್ನ, ಇಳಿಸ್ಕೊಂಡೆ (ಒಂದ್ಸಲಕ್ಕೆ 1000 ಸಾಲಿಗಿಂತ ಜಾಸ್ತಿ ಕೊಡಲ್ಲ, ಅದಕ್ಕೇ ತಿಂಗಳು ತಿಂಗಳು ಬೇರೆ ಮಾಡಿ ಇಳಿಸ್ಬೇಕು), ಶೀಟಲ್ಲಿ ಒಂದು ಕಾಲಮ್ಮಿಗೆ ಜನ ಹುಡುಕಿದ ಪದ, ಪಕ್ಕದಲ್ಲಿ ಅದಕ್ಕೆ ಉತ್ತರ ಹೇಳಬೇಕಾದ ಪುಟ, ಅದರ ಪಕ್ಕ ಈಗ ನಿಜವಾಗಿ ಬರ್ತಿರೋ ಪುಟ. ಮೆಂತ್ಯ, ಸಬ್ಬಸಿಗೆ, ಹರಿವೆ, ಬಸಳೆ ಎಲ್ಲಾ ಎರಡು ಸಂಜೇಲಿ ಮುಗೀತು.

ಒಂದೆಲಗಕ್ಕೆ ಬಂದಾಗ ನಿಂತೆ. ಇದಕ್ಕೆ ನನ್ನ ಸೈಟಲ್ಲಿ ಐದು ಪುಟ ಇತ್ತು: ಒಂದೆಲಗ ತಂಬುಳಿ, ಬ್ರಾಹ್ಮಿ ಸೊಪ್ಪಿನ ತಂಬುಳಿ, ತಿಮರೆ ಚಟ್ನಿ, ಒಂದೆಲಗ ಚಟ್ನಿ, ಆಮೇಲೆ ಬ್ರಾಹ್ಮಿ ಗಿಡ ಕುಂಡದಲ್ಲಿ ಬೆಳೆಸೋದು. ಶುರುವಿನಲ್ಲಿ ಒಂದೊಂದು ಹೆಸರಿಗೆ ಒಂದೊಂದು ಪುಟ ಅಂತ ಬರೆದಿದ್ದೆ, ಆಗ ಅದೇ ಸರಿ ಅನ್ಸಿತ್ತು. ಈಗ ಸರ್ಚ್ ಕನ್ಸೋಲಲ್ಲಿ 'ಒಂದೆಲಗ' ಅನ್ನೋ ಸಾಲು ಒತ್ತಿ ಪೇಜಸ್ ಟ್ಯಾಬಿಗೆ ಹೋದ್ರೆ ಒಂದು ವಾರ ತಂಬುಳಿ ಪುಟ, ಇನ್ನೊಂದು ವಾರ ಚಟ್ನಿ ಪುಟ, ಮತ್ತೊಂದು ವಾರ ಗಿಡದ ಪುಟ, ಒಂದೂ ನೆಲೆ ನಿಲ್ತಿರ್ಲಿಲ್ಲ. ಎಲ್ಲದರ ಪೊಸಿಶನ್ನೂ (ಹುಡುಕಾಟದ ಫಲಿತಾಂಶದಲ್ಲಿ ಎಷ್ಟನೇದು ಅನ್ನೋದು) 14, 17, 15 ಅಂತ ಅಲ್ಲೇ ಸುತ್ತಾಡ್ತಿತ್ತು, ಗೂಗಲಿನ ಮೊದಲ ಪುಟದ ಹೊಸ್ತಿಲು ಮಾತ್ರ ದಾಟ್ತಿರ್ಲಿಲ್ಲ. ಅಣ್ಣತಮ್ಮಂದಿರು ಒಂದೇ ಗದ್ದೆಗೆ ಜಗಳ ಆಡಿದ ಹಾಗೆ, ನನ್ನ ಪುಟಗಳೇ ಒಂದನ್ನೊಂದು ಹಿಂದಕ್ಕೆ ಎಳೀತಿದ್ವು.

ಸರಿ, ಯಾವ ಪದಕ್ಕೆ ಎಷ್ಟು ಜನ ಅಂತ ನೋಡೋಣ ಅಂತ ಒಂದು ಕೀವರ್ಡ್ ಟೂಲಿಗೆ ತಿಂಗಳ ದುಡ್ಡು ಕಟ್ಟಿದೆ. ಅವರು ಭಾರತದ ಭಾಷೆಗಳೆಲ್ಲಾ ಇದೆ ಅಂತ ದೊಡ್ಡದಾಗಿ ಹಾಕ್ಕೊಂಡಿದಾರೆ. ತಿಮರೆ ಅಂತ ಹಾಕಿದೆ, ಸೊನ್ನೆ. ಉರಗೆ, ಸೊನ್ನೆ. ಒಂದೆಲಗ ತಂಬುಳಿಗೂ ಸೊನ್ನೆ! ಅದೇ ತಂಬುಳಿಯನ್ನ ಹುಡುಕ್ಕೊಂಡು ಬಂದವರ ಲೆಕ್ಕ ನನ್ನ ಸರ್ಚ್ ಕನ್ಸೋಲಲ್ಲಿ ಕಣ್ಣೆದುರಿಗಿದೆ, ಇವರ ಪ್ರಕಾರ ಆ ಜನ ಇಲ್ಲವೇ ಇಲ್ಲ. ಸಪೋರ್ಟಿಗೆ ಬರೆದ್ರೆ 'ಕಡಿಮೆ ವಾಲ್ಯೂಮ್ ಪದಗಳನ್ನು ಬಿಟ್ಟುಬಿಡಿ' ಅಂತ ಉತ್ತರ ಬಂತು, ನನಗೆ ನಿಜವಾಗ್ಲೂ ಸಿಟ್ಟು ಬಂತು. ಗೂಗಲಿನದೇ ಕೀವರ್ಡ್ ಪ್ಲ್ಯಾನರ್ ಕೂಡ ಜಾಹೀರಾತಿಗೆ ದುಡ್ಡು ಹಾಕದೆ ಇದ್ರೆ 10ರಿಂದ 100 ಅಂತ ಒಂದು ಅಂದಾಜು ಹೇಳತ್ತೆ ಅಷ್ಟೇ. ಕನ್ನಡದಲ್ಲಿ ಕೆಲಸ ಮಾಡೋರು ಟೂಲಿನ ಸೊನ್ನೆ ನಂಬಬೇಡಿ, ನಿಮ್ಮ ಸೈಟಿನ ಸ್ವಂತ ಕ್ವೆರಿಗಳೇ ಚಿನ್ನ, ಅದರ ಜೊತೆಗೆ ಸರ್ಚ್ ಬಾಕ್ಸಲ್ಲಿ ಅರ್ಧ ಪದ ಟೈಪ್ ಮಾಡಿದಾಗ ಕೆಳಗೆ ಬರೋ ಸಲಹೆಗಳು.

ದಾರಿ ಸಿಕ್ಕಿದ್ದು ಅಡುಗೆಮನೇಲಿ. ನಮ್ಮತ್ತೆ ಪುತ್ತೂರು ಕಡೆಯವರು, ನಾನು ಶಿವಮೊಗ್ಗದವಳು. ಲ್ಯಾಪ್‌ಟಾಪಲ್ಲಿ ಒಂದೆಲಗದ ಫೋಟೋ ನೋಡಿ ಅತ್ತೆ 'ಇದು ತಿಮರೆ ಅಲ್ವಾ ಮಾರಾಯ್ತಿ, ಚಟ್ನಿ ಮಾಡುದಾ?' ಅಂದ್ರು. ನಾನು 'ಅಲ್ಲ ಅತ್ತೆ, ತಂಬುಳಿ ಪುಟ' ಅಂದೆ. 'ತಂಬುಳಿಗೆ ಉರಗೆ ಅಂತ ಪಕ್ಕದ ಮನೆ ಭಟ್ರ ಹೆಂಡ್ತಿ ಹೇಳ್ತಿದ್ರು. ನಮಗೆ ತಿಮರೆ ಅಂದ್ರೆ ಚಟ್ನಿಯೇ' ಅಂದ್ಬಿಟ್ಟು ಒಲೆ ಕಡೆ ತಿರುಗಿದ್ರು. ನಾನು ಕೂತಲ್ಲೇ ಕೂತೆ. ಹೆಸರು ಬದಲಾದ್ರೆ ಊರು ಬದಲಾಗತ್ತೆ, ಊರು ಬದಲಾದ್ರೆ ಆ ಸೊಪ್ಪಿಂದ ಏನು ಮಾಡ್ಬೇಕು ಅನ್ನೋದೂ ಬದಲಾಗತ್ತೆ, ನಾನು ಹೆಸರು ಮಾತ್ರ ನೋಡ್ತಾ ಇದ್ದೆ.

ತಕ್ಷಣ ಸರ್ಚ್ ಕನ್ಸೋಲಲ್ಲಿ ರೆಜೆಕ್ಸ್ ಫಿಲ್ಟರ್ (ಹಲವು ಪದಗಳನ್ನ ಒಂದೇ ಸಲಕ್ಕೆ ಸೋಸೋ ಮಾದರಿ) ಹಾಕಿ ತಿಮರೆ, ಉರಗೆ, ಇಲಿಕಿವಿ, ಬ್ರಾಹ್ಮಿ, ಒಂದೆಲ ಇಷ್ಟನ್ನೂ ನಡುವೆ ಉದ್ದಗೆರೆ ಕೊಟ್ಟು ಒಟ್ಟಿಗೆ ತೆಗೆದೆ. 'ಒಂದೆಲ' ಅಂತ ಅರ್ಧಕ್ಕೇ ನಿಲ್ಸಿದ್ದು ಯಾಕಂದ್ರೆ ಜನ ಒಂದೆಲಗ, ಒಂದೆಲಗಾ, ಒಂದೆಲೆಗ ಮೂರೂ ಬರೀತಾರೆ. ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡೋರದು ಇನ್ನೊಂದು ಸಂತೆ, ಶುರುವಿಗೆ ವಿ ಹಾಕೋರು, ಹಾಕದವರು, ತಂಬುಳಿಗೆ ಬರೀ ಟಿ, ಇಲ್ಲಾ ಟಿ ಎಚ್, ಅವಕ್ಕೆ ಬೇರೆ ಸಾಲು ಮಾಡಿದೆ ಆದ್ರೆ ಬೇರೆ ಪುಟ ಮಾಡ್ಲಿಲ್ಲ. ಆಮೇಲೆ ಪ್ರತಿ ಸಾಲಿನ ಜೊತೆಗಿರೋ ಎರಡನೇ ಪದ ಏನು ಅಂತ ಒಂದೊಂದಾಗಿ ಓದಿದೆ. ತಿಮರೆ ಜೊತೆ ಬಹುಪಾಲು ಚಟ್ನಿ. ಒಂದೆಲಗ, ಉರಗೆ ಜೊತೆ ತಂಬುಳಿ. ಇಲಿಕಿವಿ ಜೊತೆ 'ಯಾವ ಗಿಡ', 'ಫೋಟೋ'. ಬ್ರಾಹ್ಮಿ ಜೊತೆ ಕೂದಲಿನ ಎಣ್ಣೆ, ನೆನಪಿನ ಶಕ್ತಿ.

ಬ್ರಾಹ್ಮಿ ವಿಷಯ ಸ್ವಲ್ಪ ಬಿಡಿಸಿ ಹೇಳ್ಬೇಕು, ಯಾಕಂದ್ರೆ ಇಲ್ಲಿ ಪದ ಒಂದು, ಗಿಡ ಎರಡು. ನಮ್ಮ ಒಂದೆಲಗ ಅಂದ್ರೆ ಸೆಂಟೆಲ್ಲಾ ಏಶಿಯಾಟಿಕಾ, ಕೊತ್ತಂಬರಿ ಕುಟುಂಬದ್ದು, ನೆಲದ ಮೇಲೆ ಹರಡತ್ತೆ, ಒಂದು ದಂಟಿಗೆ ಒಂದೇ ದುಂಡನೆ ಎಲೆ, ಮಂಡೂಕಪರ್ಣಿ ಅನ್ನೋದೂ ಇದಕ್ಕೇ. ನೀರುಬ್ರಾಹ್ಮಿ ಅಂದ್ರೆ ಬಕೋಪಾ ಮೊನ್ನಿಯೇರಿ, ಒದ್ದೆ ಜಾಗದ ಗಿಡ, ಸಣ್ಣ ದಪ್ಪ ಎಲೆ ಎದುರುಬದುರು ಜೋಡಿಯಾಗಿರತ್ತೆ, ಕಹಿ. ಎರಡಕ್ಕೂ ಜನ ಬ್ರಾಹ್ಮಿ ಅಂತಾನೇ ಕರೀತಾರೆ. ನನ್ನ ಹಳೇ ಪುಟದಲ್ಲಿ ಇದನ್ನ ಹೇಳೇ ಇರ್ಲಿಲ್ಲ, ಯಾರಾದ್ರೂ ಅದನ್ನ ಓದಿ ನರ್ಸರಿಗೆ ಹೋಗಿ ಬ್ರಾಹ್ಮಿ ಕೇಳಿ ಬಕೋಪಾ ತಂದು ತಂಬುಳಿ ಮಾಡಿದ್ರೆ ಬಾಯಿಗಿಡೋಕೆ ಆಗಲ್ಲ. ನೆನಪಿನ ಶಕ್ತಿ ಅನ್ನೋ ಪದದ ಹಿಂದೆ ಹೋಗೋದು ಬೇಡ ಅಂತ ತೀರ್ಮಾನ ಮಾಡಿದೆ. ಅದಕ್ಕೆ ಇಂಪ್ರೆಶನ್ (ಹುಡುಕಾಟದಲ್ಲಿ ಪುಟ ಎಷ್ಟು ಸಲ ಕಂಡಿತು ಅನ್ನೋ ಲೆಕ್ಕ) ಜಾಸ್ತಿ ಇದೆ, ನನಗೂ ಕಾಣ್ತಿದೆ, ಆದ್ರೆ ನಾನು ವೈದ್ಯೆ ಅಲ್ಲ, ಅಡುಗೆ ಮತ್ತೆ ಹಿತ್ತಲು ಬಿಟ್ಟು ಬೇರೆ ಮಾತಾಡೋ ಹಕ್ಕು ನನಗಿಲ್ಲ.

ಹೀಗೆ ಐದು ಪುಟ ಮೂರಾಯ್ತು: ತಂಬುಳಿ, ಚಟ್ನಿ, ಗಿಡ ಗುರುತಿಸಿ ಬೆಳೆಸೋದು. ಹೆಸರುಗಳು ಒಂದೂ ಹೋಗಿಲ್ಲ, ಚಟ್ನಿ ಪುಟದ ಶೀರ್ಷಿಕೇಲಿ ತಿಮರೆ ಮೊದಲು, ತಂಬುಳಿ ಪುಟದ ಮೊದಲ ಪ್ಯಾರಾದಲ್ಲೇ ಉರಗೆ, ಗಿಡದ ಪುಟದಲ್ಲಿ ಇಲಿಕಿವಿ ಅಂತ ಒಂದು ಉಪಶೀರ್ಷಿಕೆ, ಅದರ ಕೆಳಗೆ ಎರಡೂ ಬ್ರಾಹ್ಮಿ ಎಲೆ ಅಕ್ಕಪಕ್ಕ ಇಟ್ಟು ತೆಗೆದ ಫೋಟೋ.

ಇಷ್ಟು ಆದ್ಮೇಲೆ ಮುಗೀತು ಅಂದ್ಕೊಂಡ್ರೆ ಸ್ಲಗ್ (ವಿಳಾಸದ ಕೊನೇಲಿ ಬರೋ ಪುಟದ ಹೆಸರು) ಕಾಟ ಶುರು. 'ಒಂದೆಲಗ ತಂಬುಳಿ ಮಾಡುವ ವಿಧಾನ' ಅಂತ ಶೀರ್ಷಿಕೆ ಕೊಟ್ರೆ ವಿಳಾಸದಲ್ಲಿ '-ವಿಧಾ' ಅಂತ ಬಂದು ನಿಂತಿತ್ತು, ಕೊನೇ 'ನ' ಮಾಯ. ಬೆರಳು ಮಡಿಸಿ ಲೆಕ್ಕ ಹಾಕಿದೆ. ವರ್ಡ್‌ಪ್ರೆಸ್ಸಲ್ಲಿ (ನನ್ನ ಸೈಟ್ ಕಟ್ಟಿರೋ ತಂತ್ರಾಂಶ) ಸ್ಲಗ್ಗಿಗೆ 200 ಅಕ್ಷರ ಮಿತಿ. ಕನ್ನಡದ ಒಂದೊಂದು ಚಿಹ್ನೆ ಯುಟಿಎಫ್-8ರಲ್ಲಿ (ಅಕ್ಷರಗಳನ್ನ ಕಂಪ್ಯೂಟರ್ ಬೈಟುಗಳಾಗಿ ಇಡೋ ಪದ್ಧತಿ) 3 ಬೈಟ್, ವಿಳಾಸಕ್ಕೆ ಹೋದಾಗ ಪ್ರತಿ ಬೈಟೂ ಪರ್ಸೆಂಟ್ ಗುರುತಿನ ಜೊತೆ 3 ಅಕ್ಷರ ಆಗತ್ತೆ, ಅಂದ್ರೆ ಒಂದು ಚಿಹ್ನೆಗೆ 9, ಸ್ವರಚಿಹ್ನೆ, ಅನುಸ್ವಾರದ ಸೊನ್ನೆನೂ ಬೇರೆ ಬೇರೆ ಲೆಕ್ಕ. ಒಂದೆಲಗ 54, ತಂಬುಳಿ 54, ಮಾಡುವ 45, ವಿಧಾನ 45, ನಡುವಿನ ಮೂರು ಗೆರೆ ಸೇರಿ 201. ಒಂದೇ ಒಂದು ಜಾಸ್ತಿ! ಅದಕ್ಕೇ 'ನ' ಕತ್ತರಿಸಿ ಹೋಗಿತ್ತು. ಈಗ ಬರೀ 'ಒಂದೆಲಗ-ತಂಬುಳಿ', 109ರಲ್ಲಿ ಆರಾಮಾಗಿ ಕೂತಿದೆ. ಮಾಡುವ ವಿಧಾನ ಅನ್ನೋದು ಪುಟದ ಶೀರ್ಷಿಕೇಲಿ ಇದ್ರೆ ಸಾಕು.

ಸ್ಲಗ್ ಬದಲಾಯಿಸಿದ್ರೆ ವರ್ಡ್‌ಪ್ರೆಸ್ ತಾನೇ ಹಳೇದರಿಂದ ಹೊಸದಕ್ಕೆ ಕಳಿಸತ್ತೆ, ಆದ್ರೆ ಅಳಿಸಿದ ಎರಡು ಪುಟಕ್ಕೆ 301 ರಿಡೈರೆಕ್ಟ್ (ಹಳೇ ವಿಳಾಸಕ್ಕೆ ಬಂದವರನ್ನ ಕಾಯಮ್ಮಾಗಿ ಹೊಸದಕ್ಕೆ ಕಳಿಸೋ ನಿಯಮ) ನಾವೇ ಬರೀಬೇಕು. ಬ್ರೌಸರಿಂದ ಹಳೇ ವಿಳಾಸ ಕಾಪಿ ಮಾಡಿದೆ, ಅದು ಪರ್ಸೆಂಟ್ ಗುರುತಿನ ಉದ್ದದ ಸಾಲಾಗಿ ಬಂತು, ಹಾಗೇ ಎಚ್‌ಟಿಆ್ಯಕ್ಸೆಸ್ ಫೈಲಿಗೆ (ಸರ್ವರಿಗೆ ನಿಯಮ ಬರೆದಿಡೋ ಫೈಲು) ಹಾಕಿದೆ. 404, ಅಂದ್ರೆ ಪುಟವೇ ಇಲ್ಲ ಅನ್ನೋ ಉತ್ತರ. ಸಣ್ಣಕ್ಷರ ಮಾಡಿದೆ, ದೊಡ್ಡಕ್ಷರ ಮಾಡಿದೆ, ಕೊನೇ ಓರೆಗೆರೆ ತೆಗೆದೆ, 404. ಆರು ದಿನ ಹೀಗೇ ಹೋಯ್ತು, ತಿಮರೆ ಅಂತ ಹುಡುಕಿ ಬಂದವರೆಲ್ಲಾ ಖಾಲಿ ಪುಟ ನೋಡಿ ವಾಪಸ್ ಹೋದ್ರು, ಹೊಟ್ಟೆ ಉರೀತಿತ್ತು. ಹೋಸ್ಟಿಂಗ್‌ನವರನ್ನ ಕೇಳಿದ್ರೆ 'ಮೇಡಂ ಕನ್ನಡ ವಿಳಾಸ ಇಟ್ಕೋಬೇಡಿ, ಇಂಗ್ಲಿಷಲ್ಲಿ ಇಡಿ, ತೊಂದರೆನೇ ಬರಲ್ಲ' ಅಂತ ಬುದ್ಧಿ ಹೇಳಿ ಟಿಕೆಟ್ ಮುಚ್ಚಿದ್ರು. ಕೊನೆಗೆ ಅಪಾಚೆ (ನನ್ನ ಸೈಟಿನ ಸರ್ವರ್ ತಂತ್ರಾಂಶ) ಡಾಕ್ಯುಮೆಂಟೇಶನ್ನನ್ನ ಸಾಲು ಸಾಲು ಓದಿದಾಗ ಸಿಕ್ತು: ಅಪಾಚೆ ನಮ್ಮ ನಿಯಮಕ್ಕೆ ಹೋಲಿಸೋ ಮೊದಲೇ ವಿಳಾಸವನ್ನ ಬಿಡಿಸಿಬಿಡತ್ತೆ, ಅಂದ್ರೆ ಹೋಲಿಕೆ ಆಗೋ ಹೊತ್ತಿಗೆ ಅದರ ಕೈಲಿರೋದು ಅಪ್ಪಟ ಕನ್ನಡ. ಎಡಗಡೆ ಹಳೇ ದಾರಿಯನ್ನ ನೇರ ಕನ್ನಡದಲ್ಲೇ ಟೈಪ್ ಮಾಡಿ ಫೈಲನ್ನ ಯುಟಿಎಫ್-8ರಲ್ಲಿ ಸೇವ್ ಮಾಡಿದೆ, ರಾತ್ರಿ ಹನ್ನೊಂದೂವರೆಗೆ ರಿಫ್ರೆಶ್ ಒತ್ತಿದೆ, ಚಟ್ನಿ ಪುಟ ತೆರ್ಕೊಂಡ್ತು. ಮನೆಯವರನ್ನ ಎಬ್ಬಿಸಿ ತೋರಿಸಿದೆ.

ಈ ಎನ್‌ಕೋಡಿಂಗ್ ಗಲಾಟೆಲಿ ಇನ್ನೊಂದು ಕೆಲಸ ತಲೆಗೆ ಹೊಕ್ಕಿದೆ. ಅಪ್ಪ ನುಡಿ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಸೊಪ್ಪಿನ ಟಿಪ್ಪಣಿ ಫೈಲುಗಳು ಒಂದು ಸಿಡಿ ತುಂಬ ಇವೆ. ಎಲ್ಲಾ ಹಳೇ ಫಾಂಟಿನವು, ಯೂನಿಕೋಡ್ ಅಲ್ಲ, ಫಾಂಟ್ ಇಲ್ಲದ ಕಂಪ್ಯೂಟರಲ್ಲಿ ತೆಗೆದ್ರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು, ಯಾವ ಸರ್ಚ್ ಎಂಜಿನ್ನಿಗೂ ಅದು ಕನ್ನಡ ಅಂತ ಗೊತ್ತಾಗಲ್ಲ. ಒಂದು ಫೈಲ್ ಪರಿವರ್ತನೆ ಮಾಡಿ ನೋಡಿದೆ, ಅರ್ಕಾವೊತ್ತು ಇದ್ದ ಕಡೆಯೆಲ್ಲಾ ಎಡವಿದೆ, ಯಾಕಂದ್ರೆ ಅಲ್ಲಿ ಅದು ಅಕ್ಷರ ಆದ್ಮೇಲೆ ಕೂತಿರತ್ತೆ, ಯೂನಿಕೋಡಲ್ಲಿ ರ್ ಮುಂಚೆ ಬರಬೇಕು. ಮಳೆಗಾಲದಲ್ಲಿ ಅದಕ್ಕೆ ಕೂರ್ತೀನಿ. ಅಪ್ಪನ ಫೈಲಲ್ಲಿ ನನಗೇ ಗೊತ್ತಿಲ್ಲದ ಸೊಪ್ಪಿನ ಹೆಸರುಗಳಿವೆ, ಅವೆಲ್ಲಾ ಮ್ಯಾಪಿಗೆ ಬರಬೇಕು.

ಇವತ್ತಿನ ಸ್ಥಿತಿ: 'ತಿಮರೆ ಚಟ್ನಿ' ಸಾಲಿಗೆ ಒಂದೇ ಪುಟ ಬರ್ತಿದೆ, ಪೊಸಿಶನ್ 8. 'ಒಂದೆಲಗ ತಂಬುಳಿ' 11ಕ್ಕೆ ಬಂದಿದೆ, ಇನ್ನೂ ಅಲುಗಾಡ್ತಿದೆ. 'ಬ್ರಾಹ್ಮಿ ಸೊಪ್ಪು' ಇದ್ದಲ್ಲೇ ಇದೆ. ಅತ್ತೆ ಚಟ್ನಿ ಪುಟ ಓದಿ ಹಸಿಮೆಣಸು ಜಾಸ್ತಿ ಹೇಳಿದೀಯಾ ಅಂದ್ರು, ತಿದ್ದಿದೆ. ಮುಂದಿನ ಸಾಲು ದೊಡ್ಡಪತ್ರೆ, ಸಾಂಬ್ರಾಣಿ ಅನ್ನೋರು, ಸಂಬಾರಬಳ್ಳಿ ಅನ್ನೋರು, ಕರ್ಪೂರವಳ್ಳಿ ಅನ್ನೋರು ಎಲ್ಲಾ ಇದ್ದಾರೆ, ಈ ಸಲ ಪುಟ ಬರೆಯೋ ಮೊದಲೇ ಎರಡನೇ ಪದಗಳನ್ನ ಓದ್ತಾ ಕೂತಿದೀನಿ.