ಮೊದಲು ನೀನು ನೋಡು, ಆಮೇಲೆ ಅದು ನೋಡಲಿ

ನಾನು ದಂತವೈದ್ಯ ಕಾಲೇಜೊಂದರಲ್ಲಿ ಓರಲ್ ಮೆಡಿಸಿನ್ ಮತ್ತು ರೇಡಿಯಾಲಜಿ, ಅಂದರೆ ಬಾಯಿಯ ಕಾಯಿಲೆ ಗುರುತಿಸುವುದು, ಎಕ್ಸ್‌ರೇ ಓದುವುದು, ಪಾಠ ಮಾಡುವವಳು. ಎಂಬಿಬಿಎಸ್ ಓದುತ್ತಿರುವ ಅಕ್ಕನ ಮಗ ಮನೆಗೆ ಬಂದಾಗಲೆಲ್ಲ ಕೇಳುತ್ತಾನೆ: "ಚಿಕ್ಕಮ್ಮ, ಈ ಎಐ ಬಂದ್ಮೇಲೆ ರೇಡಿಯಾಲಜಿ ತಗೊಂಡ್ರೆ ಮುಂದೆ ಕೆಲಸ ಇರುತ್ತಾ?" ನಮ್ಮ ಬಿಡಿಎಸ್ ಹುಡುಗರಿಗೆ ಆ ಗೊಡವೆಯೇ ಇಲ್ಲ. "ಮೇಡಂ, ಎಐ ಏನು ಬಂದು ಹಲ್ಲು ಕೀಳುತ್ತಾ?" ಅಂದು ನಕ್ಕುಬಿಡುತ್ತಾರೆ.

ಅಕ್ಕನ ಮಗನ ಭಯ ಸುಮ್ಮನೆ ಹುಟ್ಟಿದ್ದಲ್ಲ. ಮುಂದೆ 2024ರಲ್ಲಿ ಫಿಸಿಕ್ಸ್ ನೊಬೆಲ್ ಪಡೆದ ಎಐ ವಿಜ್ಞಾನಿ ಜೆಫ್ರಿ ಹಿಂಟನ್ 2016ರಲ್ಲಿ, ರೇಡಿಯಾಲಜಿಸ್ಟರನ್ನು ತಯಾರು ಮಾಡುವುದನ್ನು ಈಗಲೇ ನಿಲ್ಲಿಸಬೇಕು, ಐದು ವರ್ಷದಲ್ಲಿ ಯಂತ್ರ ಅವರನ್ನು ಮೀರಿಸುತ್ತದೆ ಅಂದಿದ್ದರು. (ಹತ್ತು ವರ್ಷವೂ ಆಗಬಹುದು ಅಂತ ಸೇರಿಸಿದ್ದರು. ಅಷ್ಟು ಭಾಗವನ್ನು ಯಾರೂ ಫಾರ್ವರ್ಡ್ ಮಾಡಲ್ಲ.) 2020ರಲ್ಲಿ ಪ್ರಕಟವಾದ ಬ್ರಿಟನ್ನಿನ ಸಮೀಕ್ಷೆಯೊಂದರಲ್ಲಿ 19 ಮೆಡಿಕಲ್ ಕಾಲೇಜುಗಳ 484 ವಿದ್ಯಾರ್ಥಿಗಳ ಪೈಕಿ ಶೇ. 49ರಷ್ಟು ಜನ, ಎಐ ಕಾರಣಕ್ಕೇ ರೇಡಿಯಾಲಜಿ ಕಡೆ ಒಲವು ಕಡಿಮೆಯಾಗಿದೆ ಅಂದಿದ್ದರು. ಅದಕ್ಕೂ ಸ್ವಲ್ಪ ಮೊದಲು ಜರ್ಮನಿಯಲ್ಲಿ 263 ವಿದ್ಯಾರ್ಥಿಗಳನ್ನು ಕೇಳಿದಾಗ, ರೇಡಿಯಾಲಜಿಸ್ಟರ ಜಾಗಕ್ಕೆ ಯಂತ್ರ ಬರುತ್ತದೆ ಅನ್ನುವುದನ್ನು ಶೇ. 83ರಷ್ಟು ಜನ ಒಪ್ಪಿರಲಿಲ್ಲ. ನಮ್ಮಲ್ಲಂತೂ ಭಯವೆಲ್ಲ ಬಾಯಲ್ಲೇ. ನೀಟ್ ಪಿಜಿ ಕೌನ್ಸೆಲಿಂಗ್ ಶುರುವಾದರೆ ಮೇಲಿನ ರ‍್ಯಾಂಕಿನವರು ಮೊದಲು ಕೈ ಹಾಕುವ ಸೀಟುಗಳಲ್ಲಿ ರೇಡಿಯಾಲಜಿ ಈಗಲೂ ಇದೆ. ರ‍್ಯಾಂಕ್ ಬಂದರೆ ನಮ್ಮವನೂ ಅದನ್ನೇ ತಗೊಳ್ತಾನೆ, ಬರೆದಿಟ್ಟುಕೊಳ್ಳಿ.

ನನಗೆ ಚಿಂತೆ ನಮ್ಮ ಬಿಡಿಎಸ್‌ನವರ ಧೈರ್ಯದ್ದು. ಹಲ್ಲು ಕೊರೆಯುವ ಕೆಲಸ ಎಲ್ಲೂ ಹೋಗಲ್ಲ, ಒಪ್ಪಿದೆ. ಆದರೆ ಯಾವ ಹಲ್ಲು ಕೊರೆಯಬೇಕು, ಅಸಲಿಗೆ ಕೊರೆಯಬೇಕೋ ಬೇಡವೋ ಅನ್ನುವುದನ್ನು ಯಾರು ಹೇಳಬೇಕು? ಎಕ್ಸ್‌ರೇಯಲ್ಲಿ ಹುಳುಕು ಗುರುತಿಸುವ ಸಾಫ್ಟ್‌ವೇರ್‌ಗಳಿಗೆ ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅನುಮತಿ ಕೊಟ್ಟು ವರ್ಷಗಳೇ ಆದವು.

ನಮ್ಮ ವಿಭಾಗಕ್ಕೂ ಒಂದು ಕಂಪನಿಯವರು ಡೆಮೊಗೆ ಅಂತ ಅಂಥದ್ದೊಂದನ್ನು ಹಾಕಿಕೊಟ್ಟರು. ಒಬ್ಬ ಇಂಟರ್ನ್ ಹುಡುಗಿ ಎಡಭಾಗದ ಬೈಟ್‌ವಿಂಗ್ (ಮೇಲಿನ, ಕೆಳಗಿನ ಹಲ್ಲು ಒಟ್ಟಿಗೆ ಬೀಳುವ ಎಕ್ಸ್‌ರೇ) ತೆಗೆದಿದ್ದಳು. ಕೆಳದವಡೆಯ ಎರಡನೇ ಪ್ರೀಮೋಲಾರ್ (ದವಡೆ ಹಲ್ಲಿನ ಮುಂದಿರುವ ಚಿಕ್ಕ ಹಲ್ಲು) ಕತ್ತಿನ ಹತ್ತಿರ ಸಾಫ್ಟ್‌ವೇರ್ ಕೆಂಪು ಚೌಕ ಹಾಕಿತ್ತು. ಇವಳು ಕೇಸ್ ಶೀಟಿನಲ್ಲಿ ರೂಟ್ ಕೇರೀಸ್ (ಬೇರಿನ ಹುಳುಕು) ಅಂತ ಬರೆದು, ಫಿಲ್ಲಿಂಗಿಗೆ ಕಳಿಸಲು ನನ್ನ ಸಹಿ ಕೇಳಿದಳು. ಪೇಷಂಟಿಗೆ ಆ ಕಡೆ ನೋವೂ ಇಲ್ಲ, ಜುಮ್ಮೆನ್ನುವುದೂ ಇಲ್ಲ. "ಪ್ರೋಬ್ ಹಾಕಿ ನೋಡಿದ್ಯೇನಮ್ಮ?" ಅಂದೆ. ಹಾಕಿರಲಿಲ್ಲ. ಆ ಸಣ್ಣ ಕಡ್ಡಿಯಂಥ ಉಪಕರಣ ಹಾಕಿದರೆ ಎಲ್ಲೂ ಸಿಕ್ಕಿಕೊಳ್ಳದೆ ಗಟ್ಟಿಯಾಗಿ, ನುಣ್ಣಗೆ ಜಾರಿತು. ಟ್ಯೂಬಿನ ಕೋನ ಸ್ವಲ್ಪ ಬದಲಿಸಿ ಇನ್ನೊಂದು ಫಿಲಂ ತೆಗೆಸಿದೆ. ಕಪ್ಪು ನೆರಳು ಮಾಯ!

ಅದು ಸರ್ವೈಕಲ್ ಬರ್ನ್‌ಔಟ್. ಮೇಲೆ ಎನಾಮಲ್ (ಹಲ್ಲಿನ ಗಟ್ಟಿ ಹೊರಪದರ), ಕೆಳಗೆ ಮೂಳೆ. ನಡುವಿನ ಕತ್ತಿನಲ್ಲಿ ಕಿರಣಗಳಿಗೆ ಅಷ್ಟು ತಡೆ ಇರುವುದಿಲ್ಲ, ಹಾಗಾಗಿ ಹುಳುಕಿನ ಹಾಗೆ ಕಪ್ಪಗೆ ಬೀಳುತ್ತದೆ. ವೈವಾದಲ್ಲಿ ಕೇಳಿದ್ದರೆ ಆ ಹುಡುಗಿ ಪಟಪಟ ಹೇಳುತ್ತಿದ್ದಳು. ಕೆಂಪು ಚೌಕ ಕಂಡಿತಲ್ಲ, ಅಲ್ಲಿಗೆ ನೋಡುವುದು ನಿಂತಿತ್ತು. ಹಾಗಂತ ಸಾಫ್ಟ್‌ವೇರ್ ದಡ್ಡ ಅಂತಲ್ಲ. ಅದೇ ಫಿಲಂನಲ್ಲಿ ಎರಡು ಮೋಲಾರ್‌ಗಳ (ದವಡೆ ಹಲ್ಲುಗಳ) ಸಂದಿಯಲ್ಲಿ ಎನಾಮಲ್ ಮಟ್ಟದ ಹುಳುಕನ್ನು ಸರಿಯಾಗಿಯೇ ತೋರಿಸಿತ್ತು. ಅದು ಇವಳ ಕಣ್ಣಿಗೆ ಬಿದ್ದಿರಲಿಲ್ಲ.

ಪೋಲೆಂಡಿನ ಅಧ್ಯಯನವೊಂದು 2025ರಲ್ಲಿ ಬಂತು. ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡುವ ಕೊಲೊನೋಸ್ಕೋಪಿಗೆ ಎಐ ಬಳಸಿ ರೂಢಿಯಾದ ವೈದ್ಯರು ಅದಿಲ್ಲದೆ ಪರೀಕ್ಷೆ ಮಾಡಿದಾಗ, ಅಡಿನೋಮಾ (ಮುಂದೆ ಕ್ಯಾನ್ಸರ್ ಆಗಬಹುದಾದ) ಗಂಟು ಪತ್ತೆಯಾಗುವ ಪ್ರಮಾಣ ಶೇ. 28.4 ಇದ್ದದ್ದು 22.4ಕ್ಕೆ ಇಳಿದಿತ್ತಂತೆ. ಒಂದೇ ಅಧ್ಯಯನ, ಬೇರೆ ಕಾರಣಗಳೂ ಇರಬಹುದು. ಆದರೂ ಅವರೆಲ್ಲ ಪಳಗಿದವರು. ನಮ್ಮ ಮಕ್ಕಳ ಕಣ್ಣು ಇನ್ನೂ ಪಳಗಬೇಕಷ್ಟೇ.

ಅದಕ್ಕೇ ಈಗ ನನ್ನ ಪೋಸ್ಟಿಂಗಿಗೆ ಬಂದವರು ಮೊದಲು ಪೆನ್ಸಿಲ್‌ನಲ್ಲಿ ತಮ್ಮ ರಿಪೋರ್ಟ್ ಬರೆದು ಸಹಿ ಹಾಕಬೇಕು, ಆಮೇಲೆ ಸಾಫ್ಟ್‌ವೇರ್ ತೆರೆಯಬೇಕು. ಎಲ್ಲಿ ಹೊಂದಲಿಲ್ಲವೋ ಅದನ್ನು ಪೇಷಂಟ್ ಬಾಯಲ್ಲೇ ಮತ್ತೆ ನೋಡಬೇಕು. ಗೊಣಗಾಟ ಇದ್ದೇ ಇದೆ. ಸೋಮವಾರದ ಓಪಿಡಿ ರಶ್ಶಿನಲ್ಲಿ ಇದೆಲ್ಲ ಎಲ್ಲಿ ಆಗುತ್ತೆ ಮೇಡಂ ಅಂತ. ಕದ್ದು ಮೊದಲೇ ಸಾಫ್ಟ್‌ವೇರ್ ನೋಡಿ ಬರೆಯುವವರೂ ಇದ್ದಾರೆ. ಸ್ಪೆಲಿಂಗ್ ತಪ್ಪಿಲ್ಲದ ರಿಪೋರ್ಟ್ ಬಂದರೆ ನನಗೆ ಅನುಮಾನ.

ಜಗಳೂರು ಕಡೆಯ ಒಬ್ಬ ಹುಡುಗ ಮಾತ್ರ ಬೇರೆ ಥರ ತಕರಾರು ತೆಗೆದ. "ನೀವು ಎರಡು ಸಲ ನೋಡಿ ಅಂತೀರಿ ಮೇಡಂ. ನಮ್ಮೂರ ಕಡೆ ಒಂದು ಸಲ ನೋಡೋರೂ ಇಲ್ವಲ್ಲ." ಅವನ ಮಾತು ಸರಿಯೇ. 15 ವರ್ಷ ದಾಟಿದವರ ಕ್ಷಯ ತಪಾಸಣೆಯಲ್ಲಿ, ಎದೆಯ ಎಕ್ಸ್‌ರೇ ಓದುವ ಮನುಷ್ಯರ ಬದಲಿಗೆ ಸಾಫ್ಟ್‌ವೇರ್ ಬಳಸಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲೇ ಹೇಳಿದೆ. ಓದುವವರೇ ಇಲ್ಲದ ಕಡೆ ಅದು ದೊಡ್ಡ ಉಪಕಾರ.

ಆದರೆ ಇದೇ ಹುಡುಗ ಕ್ಯಾಂಪಿನಲ್ಲಿ ಏನು ಮಾಡಿದ ಗೊತ್ತಾ? ಬಾಯಿಗೆ ಮೂರು ಬೆರಳು ಹೋಗದ ಒಬ್ಬ ಪೇಷಂಟ್, ಕೆನ್ನೆಯ ಒಳಗೆಲ್ಲ ಬಿಳಿಚಿಕೊಂಡಿದೆ. ಅಡಿಕೆ, ಗುಟ್ಕಾ ಜಗಿಯುವವರ ಬಾಯಿ ಹೀಗೆ ಬಿಗಿಯುತ್ತದೆ. ಕೇಳಿದರೆ "ಬರೀ ಅಡಿಕೆ ಸಾರ್" ಅನ್ನುತ್ತಿದ್ದ. ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಆದರೂ ಪಾನ್ ಮಸಾಲ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್, ಬಾಯಲ್ಲಿ ಎರಡೂ ಒಂದೇ. ಪಕ್ಕದಲ್ಲಿ ಹೆಂಡತಿ ನಿಂತಿದ್ದರು. "ಅಕ್ಕ, ಚೀಟಿ ಮಾಡಿಸ್ಕೊಂಡು ಬನ್ನಿ" ಅಂತ ಅವರನ್ನು ಕಳಿಸಿ, ಇವನು ಇನ್ನೊಮ್ಮೆ ಕೇಳಿದ. ದಿನಕ್ಕೆಷ್ಟು ಪ್ಯಾಕೆಟ್ ಅಂತ ಆಗ ಹೊರಬಂತು.

ಮುಂದಿನ ಕ್ಯಾಂಪಿನಲ್ಲಿ ಮೊಬೈಲಿನಲ್ಲಿ ಬಾಯಿಯ ಫೋಟೊ ತೆಗೆದು ಸಾಫ್ಟ್‌ವೇರ್‌ಗೆ ಹಾಕಿ ನೋಡೋಣ ಅನ್ನುತ್ತಿದ್ದಾನೆ. ಮಾಡು ಅಂದಿದ್ದೇನೆ. ಫೋಟೊಗೆ ಒಪ್ಪಿಗೆ ಪತ್ರ ಕನ್ನಡದಲ್ಲಿರಬೇಕು, ಬಾಯಿ ಎಷ್ಟು ತೆರೆಯುತ್ತದೆ ಅಂತ ಸ್ಕೇಲಿನಲ್ಲಿ ಅಳೆದು ಮೊದಲೇ ಬರೆದಿರಬೇಕು. ಪೆನ್ಸಿಲ್‌ನಲ್ಲೇ.